ಹುಬ್ಬು ತೆಳುವಾದರೆ ಪೆನ್ಸಿಲ್ ಸಾಲದು

ಪಾರ್ಲರಿಗೆ ಬರುವವರು ತಮ್ಮ ತೊಂದರೆಯನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. ಮುಖ ಕಪ್ಪಾಗಿದೆ ಎಂದರೆ ಫೇಶಿಯಲ್ ಕೇಳುತ್ತಾರೆ, ಮುಂದಲೆ ಖಾಲಿಯಾಗಿದೆ ಎಂದರೆ ಎಣ್ಣೆ ಕೇಳುತ್ತಾರೆ, ಹುಬ್ಬು ತೆಳುವಾಗಿದೆ ಎಂದರೆ ಪೆನ್ಸಿಲ್ ಕೇಳುತ್ತಾರೆ. ಗೋಡೆಗೆ ಅಂಟಿಸಿದ ನಮ್ಮ ರೇಟು ಪಟ್ಟಿಯಲ್ಲೂ ಮೂರಕ್ಕೆ ಮೂರು ಸಾಲು. ಧಾರವಾಡದ ಮಾಳಮಡ್ಡಿಯಲ್ಲಿ ವರ್ಷಗಟ್ಟಲೆ ಪಾರ್ಲರ್ ನಡೆಸಿದ ನಾನು ಈ ಲೇಖನದಲ್ಲಿ ಹೇಳಲು ಹೊರಟಿರುವುದು ಒಂದೇ ಮಾತು: ಕೆಲವು ಹೆಣ್ಣುಮಕ್ಕಳಲ್ಲಿ ಈ ಮೂರೂ ಸೇರಿ ಒಂದೇ ಕಾಯಿಲೆ. ಅದನ್ನು ಮೂರಾಗಿ ಒಡೆದು ನೋಡಿದಷ್ಟು ದಿನ ಕೂದಲು ಶಾಶ್ವತವಾಗಿ ಹೋಗುತ್ತಲೇ ಇರುತ್ತದೆ.

ನಾನು ಡಾಕ್ಟರಲ್ಲ. ಆದರೆ ಥ್ರೆಡಿಂಗ್ ಮಾಡುವವಳ ಕಣ್ಣಿಗೆ ಗಿರಾಕಿಯ ಮುಖ ಒಂದು ಗೇಣು ದೂರದಲ್ಲಿರುತ್ತದೆ, ಅದೂ ಒಳ್ಳೇ ಬೆಳಕಿನಲ್ಲಿ, ತಿಂಗಳಿಗೊಮ್ಮೆ, ವರ್ಷಾನುಗಟ್ಟಲೆ. ಮನೆಯವರು ದಿನಾ ನೋಡುವುದರಿಂದ ಅವರಿಗೆ ಬದಲಾವಣೆ ಗೊತ್ತಾಗುವುದಿಲ್ಲ. ಹೋದ ಸಲ ದಾರಕ್ಕೆ ಸಿಕ್ಕ ಕೂದಲು ಈ ಸಲ ಸಿಗದಿದ್ದರೆ ನನಗೆ ಗೊತ್ತಾಗುತ್ತದೆ.

ನಮ್ಮಲ್ಲಿಗೆ ಬರುವವರಲ್ಲಿ ಒಬ್ಬರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಅಕ್ಕೋರು. ಕಿವಿಯ ಮುಂದೆ ಶುರುವಾದ ಕಪ್ಪು ಮೆಲ್ಲಗೆ ಕೆನ್ನೆಗೆ, ಅಲ್ಲಿಂದ ಕುತ್ತಿಗೆಯ ಎರಡೂ ಬದಿಗೆ ಇಳಿದಿತ್ತು. ಅದು ಕಂದು ಅಲ್ಲ, ಬೂದು ಬೆರೆತ ಕಪ್ಪು. ತುರಿಕೆ ಅಷ್ಟಾಗಿ ಇಲ್ಲ, ನೋವಿಲ್ಲ, ಕೈಯಾಡಿಸಿದರೆ ಚರ್ಮ ಸಮತಟ್ಟಾಗಿಯೇ ಇತ್ತು.

"ಅಕ್ಕೋರ, ನಿಮ್ಮ ಹುಬ್ಬು ಯಾವಾಗಿಂದ ಉದರಾಕ ಹತ್ಯಾವ್ರಿ?" ಎಂದೆ.

"ವಯಸ್ಸಾತಲ್ಲವಾ, ಉದರತಾವ. ನೀ ಮೊದಲ ಈ ಕರೀದಕ್ಕ ಏನರ ಹಚ್ಚು" ಎಂದರು.

ಹಚ್ಚಲಿಲ್ಲ. ಕೂದಲನ್ನು ಹಿಂದಕ್ಕೆ ಬಾಚಿ, "ಒಂದ್ಸಲ ಹುಬ್ಬು ಮ್ಯಾಲೆ ಎತ್ರಿ" ಎಂದೆ. ಹುಬ್ಬು ಎತ್ತಿದರೆ ಹಣೆಯಲ್ಲಿ ನಿರಿಗೆ ಬೀಳುತ್ತದಲ್ಲ, ಆ ನಿರಿಗೆ ಹಣೆಯ ಸ್ನಾಯು ಇರುವವರೆಗೆ ಮಾತ್ರ ಏಳುತ್ತದೆ. ಕೂದಲಿನ ಅಂಚು ಮೂಲದಲ್ಲಿ ಎಲ್ಲಿತ್ತು ಎಂಬುದನ್ನು ಅದು ಸುಮಾರಾಗಿ ತೋರಿಸಿಕೊಡುತ್ತದೆ. ಅಕ್ಕೋರ ಹಣೆಯಲ್ಲಿ ನಿರಿಗೆ ಮುಗಿದ ಮೇಲೂ ಎರಡು ಬೆರಳಗಲ ನುಣ್ಣನೆಯ ಚರ್ಮ ಉಳಿದಿತ್ತು. ಉಳಿದ ಹಣೆಗಿಂತ ಅದರ ಬಣ್ಣ ತಿಳಿ. ಎಲ್ಲ ಹೆಂಗಸರ ಹಣೆಯಂಚಿನಲ್ಲೂ ಇರುವ ಎಳೆಗೂದಲು ಅಲ್ಲಿ ಒಂದೂ ಇರಲಿಲ್ಲ. ನಡುವೆ ಅಲ್ಲೊಂದು ಇಲ್ಲೊಂದು ಉದ್ದ ಕೂದಲು ಒಂಟಿಯಾಗಿ ನಿಂತಿತ್ತು. ಹಿಂದೆ ಸರಿದ ಕೂದಲಿನ ಬುಡದ ಸುತ್ತ ಸಣ್ಣಗೆ ಕೆಂಪು, ಸ್ವಲ್ಪ ಹೊಟ್ಟು.

ಸರಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ನಾನೇ ಜೊತೆಗೆ ಹೋದೆ. ಅಲ್ಲಿದ್ದ ಡಾಕ್ಟರಮ್ಮ ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯನ್ನು ಹಣೆಗೆ ಹಚ್ಚಿ ನೋಡಿದರು, ನನಗೂ ತೋರಿಸಿದರು. ಆರೋಗ್ಯವಂತ ತಲೆಯಲ್ಲಿ ಕೂದಲು ಉದುರಿದ ಜಾಗದಲ್ಲೂ ಅದು ಹೊರಬರುವ ಸಣ್ಣ ರಂಧ್ರ ಕಾಣುತ್ತದೆ. ಅಕ್ಕೋರ ಆ ಪಟ್ಟಿಯಲ್ಲಿ ರಂಧ್ರಗಳೇ ಇರಲಿಲ್ಲ. ಆಮೇಲೆ ಬಾಯಿ ತೆಗೆಸಿ ಕೆನ್ನೆಯ ಒಳಭಾಗ ನೋಡಿದರು, ಉಗುರು ನೋಡಿದರು, ಥೈರಾಯ್ಡ್ ಪರೀಕ್ಷೆಗೆ ಬರೆದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೂದಲಂಚಿನಿಂದ ಒಂದು, ಕುತ್ತಿಗೆಯ ಕಪ್ಪಿನಿಂದ ಒಂದು, ಸುಮಾರು 4 ಮಿಲಿಮೀಟರ್ ಅಗಲದ ಚರ್ಮದ ಚೂರು ತೆಗೆದರು. ಬಯಾಪ್ಸಿ ಎಂದ ಕೂಡಲೇ ಅಕ್ಕೋರು ಕ್ಯಾನ್ಸರ್ ಎಂದು ಹೆದರಿದ್ದರು. ಚರ್ಮದ ಡಾಕ್ಟರು ಬಯಾಪ್ಸಿ ಮಾಡುವುದು ಬಹಳ ಸಲ ಕ್ಯಾನ್ಸರ್ ಹುಡುಕಲಿಕ್ಕಲ್ಲ. ಒಳಗೆ ಯಾವ ಜಾತಿಯ ಉರಿಯೂತ ನಡೆದಿದೆ ಎಂದು ತಿಳಿಯಲಿಕ್ಕೆ.

ವರದಿಯಲ್ಲಿ ಎರಡು ಹೆಸರಿದ್ದವು. ಮುಖ, ಕುತ್ತಿಗೆಯ ಕಪ್ಪಿಗೆ ಲೈಕೆನ್ ಪ್ಲಾನಸ್ ಪಿಗ್ಮೆಂಟೋಸಸ್. ಹಣೆಯಂಚಿನ ಕೂದಲೂ ಹುಬ್ಬೂ ಹೋದದ್ದಕ್ಕೆ ಫ್ರಂಟಲ್ ಫೈಬ್ರೋಸಿಂಗ್ ಅಲೋಪೀಶಿಯಾ. ಹೆಸರು ಎರಡಾದರೂ ಮನೆತನ ಒಂದೇ, ಲೈಕೆನ್ ಪ್ಲಾನಸ್ ಎಂಬ ಚರ್ಮರೋಗದ್ದು.

ಎರಡಕ್ಕೂ ದೊಡ್ಡ ಚರಿತ್ರೆಯೇನೂ ಇಲ್ಲ. ಕಪ್ಪಿನ ಕಾಯಿಲೆಗೆ ಈ ಹೆಸರು ಬಂದದ್ದು ನಮ್ಮ ದೇಶದಿಂದಲೇ. ದೆಹಲಿಯ ಏಮ್ಸ್‌ನ ಚರ್ಮವೈದ್ಯ ಎಲ್. ಕೆ. ಭೂತಾನಿ ಮತ್ತು ಸಂಗಡಿಗರು 1974ರಲ್ಲಿ ಇದನ್ನು ವಿವರಿಸಿದರು. ಗೋದಿ ಮತ್ತು ಕಪ್ಪು ಮೈಬಣ್ಣದವರಲ್ಲೇ ಇದು ಹೆಚ್ಚು. ಕೂದಲಿನ ಕಾಯಿಲೆಯನ್ನು ಗುರುತಿಸಿದ್ದು ಅದಾಗಿ 20 ವರ್ಷಕ್ಕೆ, ಆಸ್ಟ್ರೇಲಿಯಾದಲ್ಲಿ. ಸಿಡ್ನಿಯ ವೈದ್ಯ ಸ್ಟೀವನ್ ಕೊಸಾರ್ಡ್ 1994ರಲ್ಲಿ ಮುಟ್ಟು ನಿಂತ ಆರು ಮಹಿಳೆಯರ ಹಣೆಯಂಚು ಹಿಂದೆ ಸರಿದದ್ದನ್ನು ವರದಿ ಮಾಡಿದರು. ಆಗ ಅಪರೂಪವೆನಿಸಿದ ಈ ಕಾಯಿಲೆ ಈಗ ಜಗತ್ತಿನ ಎಲ್ಲ ಕಡೆ ಕಾಣುತ್ತಿದೆ. ಮುಟ್ಟು ನಿಲ್ಲದ ಕಿರಿಯರಲ್ಲೂ, ಅಪರೂಪಕ್ಕೆ ಗಂಡಸರಲ್ಲೂ ಬರುತ್ತದೆ. ಗಂಡಸರಲ್ಲಿ ಕಿವಿಯ ಮುಂದಿನ ಕೂದಲು, ಗಡ್ಡ ಸಹ ಹೋಗಬಹುದು.

ಇವೆರಡರ ನಂಟನ್ನು ಎದ್ದು ಕಾಣುವಂತೆ ಮುಂದಿಟ್ಟವರು ದಕ್ಷಿಣ ಆಫ್ರಿಕಾದ ಡರ್ಬನ್‌ನ ವೈದ್ಯೆ ಎನ್ಕೋಜಾ ಡ್ಲೋವಾ. ಮುಖದಲ್ಲಿ ಇಂಥ ಕಪ್ಪು ಇದ್ದ ತಮ್ಮ ರೋಗಿಗಳಲ್ಲಿ ಹಲವರಿಗೆ ಹಣೆಯಂಚಿನ ಕೂದಲೂ ಹೋಗಿರುವುದನ್ನು ಅವರು 2013ರಲ್ಲಿ ಪ್ರಕಟಿಸಿದರು. ಕಪ್ಪು ಮೊದಲು ಬಂದು ಕೂದಲು ಆಮೇಲೆ ಹೋಗಬಹುದು, ಹಾಗಾಗಿ ಕಪ್ಪನ್ನು ಮುನ್ಸೂಚನೆ ಎಂದು ತಿಳಿಯಬೇಕು ಎಂಬುದು ಅವರ ವಾದ. ಬಿಳಿ ಚರ್ಮದವರಲ್ಲಿ ಈ ಕಪ್ಪು ವಿರಳ. ಆದ್ದರಿಂದ ಈ ಮುನ್ಸೂಚನೆಯ ಲಾಭ ಪಡೆಯಬೇಕಾದವರು ನಮ್ಮಂಥ ಮೈಬಣ್ಣದವರೇ.

ಒಳಗೆ ನಡೆಯುವುದೇನು? ನಮ್ಮ ರಕ್ತದಲ್ಲಿ ರೋಗಾಣುಗಳನ್ನು ಕೊಲ್ಲುವ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳಿವೆ. ಲೈಕೆನ್ ಪ್ಲಾನಸ್ ಜಾತಿಯ ಕಾಯಿಲೆಗಳಲ್ಲಿ ಅವು ದಾರಿ ತಪ್ಪಿ ನಮ್ಮದೇ ಚರ್ಮದ ಮೇಲೆ ಬೀಳುತ್ತವೆ. ಹೊರಚರ್ಮದ ತೀರಾ ಕೆಳಗಿನ ಸಾಲಿನ ಜೀವಕೋಶಗಳು ಅವುಗಳ ಗುರಿ. ಬಣ್ಣ ಕೊಡುವ ಮೆಲನಿನ್ ಇರುವುದೂ ಆ ಸಾಲಿನಲ್ಲಿಯೇ. ಆ ಕೋಶಗಳು ಒಡೆದಾಗ ಮೆಲನಿನ್ ಕೆಳಗಿನ ಒಳಚರ್ಮಕ್ಕೆ ಸೋರುತ್ತದೆ. ಅಲ್ಲಿರುವ ಕಸ ತಿನ್ನುವ ಕೋಶಗಳು ಅದನ್ನು ನುಂಗಿ ಅಲ್ಲೇ ಕುಳಿತುಬಿಡುತ್ತವೆ. ಬಣ್ಣ ಆಳದಲ್ಲಿರುವುದರಿಂದ ಮೇಲಿನಿಂದ ನೋಡುವವರಿಗೆ ಕಂದಾಗಿ ಕಾಣದೆ ಬೂದುಗಪ್ಪಾಗಿ ಕಾಣುತ್ತದೆ. ಫೇಶಿಯಲ್, ಬ್ಲೀಚ್, ನಿಂಬೆರಸ, ಕಡಲೆಹಿಟ್ಟು ಯಾವುದೂ ಇದಕ್ಕೆ ನಾಟದಿರುವುದಕ್ಕೂ ಅದೇ ಕಾರಣ. ನಾವು ತಿಕ್ಕುವುದು ಮೇಲಿನ ಪದರವನ್ನು, ಬಣ್ಣ ಕುಳಿತಿರುವುದು ಕೆಳಗಿನ ಪದರದಲ್ಲಿ.

ಕೂದಲಲ್ಲಿ ಇದೇ ದಾಳಿಯ ಪರಿಣಾಮ ಇನ್ನೂ ಕಠಿಣ. ಪ್ರತಿ ಕೂದಲೂ ಚರ್ಮದೊಳಗಿನ ಒಂದು ಚೀಲದಿಂದ ಹುಟ್ಟುತ್ತದೆ. ಆ ಚೀಲದ ಮೇಲ್ಭಾಗದಲ್ಲಿ ಒಂದು ಉಬ್ಬು ಇದೆ, ಮತ್ತೆ ಮತ್ತೆ ಕೂದಲು ಹುಟ್ಟಿಸುವ ಮೂಲಕೋಶಗಳು ಇರುವುದು ಅಲ್ಲಿ. ಟಿ-ಕೋಶಗಳು ಬಂದು ಮುತ್ತುವುದು ಆ ಮೇಲ್ಭಾಗವನ್ನೇ. ಮೂಲಕೋಶ ಸತ್ತ ಮೇಲೆ ಚೀಲದ ಜಾಗದಲ್ಲಿ ಗಾಯ ಮಾಗಿದಾಗ ಬರುವಂಥ ನಾರು ತುಂಬುತ್ತದೆ, ರಂಧ್ರ ಮುಚ್ಚಿಹೋಗುತ್ತದೆ. ಇದನ್ನೇ ಡಾಕ್ಟರು ಕಲೆ ಉಳಿಸುವ ಕೂದಲುನಾಶ ಎನ್ನುತ್ತಾರೆ. ಹೊರಗೆ ಗಾಯ ಕಾಣುವುದಿಲ್ಲ, ಕಲೆ ಒಳಗಿರುತ್ತದೆ.

ಎಲ್ಲ ಕೂದಲುದುರುವಿಕೆಯೂ ಹೀಗಲ್ಲ. ಹುಳು ತಿಂದಂತೆ ದುಂಡಗೆ ಕೂದಲು ಹೋಗುವ ಅಲೋಪೀಶಿಯಾ ಅರಿಯೇಟಾದಲ್ಲಿ ದಾಳಿ ನಡೆಯುವುದು ಚೀಲದ ತಳಭಾಗದಲ್ಲಿ, ಮೂಲಕೋಶಗಳು ಉಳಿಯುತ್ತವೆ. ಅದಕ್ಕೇ ಅಲ್ಲಿ ಮರಳಿ ಬೆಳೆಯುವ ಆಸೆ ಇದೆ. ಹೆರಿಗೆಯ ನಂತರ, ಟೈಫಾಯ್ಡ್ ಅಥವಾ ಡೆಂಗಿ ಬಂದು ಹೋದ ನಂತರ ಉದುರುವ ಕೂದಲೂ ತಿಂಗಳುಗಳಲ್ಲಿ ಮರಳುತ್ತದೆ. ಕಬ್ಬು ಕಡಿದರೂ ಕೂಳೆ ಉಳಿದಿದ್ದರೆ ಮತ್ತೆ ಚಿಗುರುತ್ತದೆ, ಕೂಳೆಯನ್ನೇ ಕಿತ್ತರೆ ಯಾವ ಗೊಬ್ಬರವೂ ಕೆಲಸಕ್ಕೆ ಬರುವುದಿಲ್ಲ. ಅಕ್ಕೋರಿಗೆ ಇಷ್ಟು ಹೇಳಿದ ಮೇಲೆ ಅವರು ಮನೆಯಲ್ಲಿದ್ದ ಈರುಳ್ಳಿ ಎಣ್ಣೆಯ ಬಾಟಲಿಯ ಸುದ್ದಿ ಬಿಟ್ಟರು.

ಬಣ್ಣ ಕೆಡುವುದೂ ಕಲೆ ಉಳಿಸಿ ಕೂದಲು ಹೋಗುವುದೂ ಒಟ್ಟಿಗೆ ಬರುವ ಇನ್ನೊಂದು ಕಾಯಿಲೆಯನ್ನು ಇಲ್ಲಿ ಹೇಳಲೇಬೇಕು: ಡಿಸ್ಕಾಯ್ಡ್ ಲೂಪಸ್. ನವಲಗುಂದದ ಕಡೆಯಿಂದ ಬಂದ, ಹೊಲದ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿಗೆ ಇದಿತ್ತು. ಮದುವೆಗೆ ತಯಾರಾಗಲು ಬಂದ ಅವಳ ತಂಗಿ, "ಅಕ್ಕಗ ತೊನ್ನು ಆಗೇತಿ, ಮ್ಯಾಲೆ ಏನರ ಬಳದು ಮುಚ್ಚರಿ" ಎಂದಿದ್ದಳು. ಅದು ತೊನ್ನಾಗಿರಲಿಲ್ಲ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಚರ್ಮದ ಮೇಲ್ಮೈ ಬದಲಾಗುವುದಿಲ್ಲ. ಇವಳ ಕೆನ್ನೆ ಮತ್ತು ನೆತ್ತಿಯ ದುಂಡು ಮಚ್ಚೆಗಳಲ್ಲಿ ನಡುಭಾಗ ಬೆಳ್ಳಗೆ ಕುಗ್ಗಿತ್ತು, ಸುತ್ತ ಕಪ್ಪು ಅಂಚು, ಮೇಲೆ ಗಟ್ಟಿಯಾಗಿ ಅಂಟಿದ ಹೊಟ್ಟು. ಕಿವಿಯ ಒಳಬಟ್ಟಲಿನಲ್ಲೂ ಅಂಥದೇ ಮಚ್ಚೆ. ಇಂಥ ಮಚ್ಚೆಗೆ ಬಿಸಿಲು ಬಿದ್ದಷ್ಟೂ ಕೇಡು. ನೆತ್ತಿಯಲ್ಲಿ ಆದರೆ ಅಲ್ಲಿನ ಕೂದಲು ಮರಳುವುದಿಲ್ಲ. ಕೆಲವರಲ್ಲಿ ಈ ಲೂಪಸ್ ಚರ್ಮ ದಾಟಿ ಕೀಲು, ಮೂತ್ರಪಿಂಡದವರೆಗೂ ಹೋಗಬಹುದಾದ್ದರಿಂದ ರಕ್ತ, ಮೂತ್ರದ ಪರೀಕ್ಷೆಯೂ ಬೇಕಾಗುತ್ತದೆ. ಮೇಕಪ್ಪಿನಿಂದ ಮುಚ್ಚಿ ಕಳಿಸುವ ಸಂಗತಿಯಲ್ಲ ಅದು.

ಹಾಗೆಂದು ಕಪ್ಪು ಮುಖವೆಲ್ಲ ಇದೇ ಕಾಯಿಲೆಯಲ್ಲ. ಹೆಚ್ಚಿನವರದು ಭಂಗು. ಅದು ಕೆನ್ನೆಯ ಏರಿನಲ್ಲಿ, ಮೂಗಿನ ಮೇಲೆ, ಮೇಲ್ದುಟಿಯ ಮೇಲೆ ಕಂದಾಗಿ ಹರಡುತ್ತದೆ. ಬಸುರಿನಲ್ಲಿ, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರಲ್ಲಿ ಹೆಚ್ಚು. ಕೂದಲಿಗೂ ಅದಕ್ಕೂ ಸಂಬಂಧವಿಲ್ಲ. ಕೆಲವರಿಗೆ ಕುಂಕುಮದಲ್ಲಿನ ರಾಸಾಯನಿಕ ಬಣ್ಣ ಒಗ್ಗದೆ ಹಣೆಯ ನಡುವೆ ಕಪ್ಪಾಗುತ್ತದೆ. ಸ್ಟಿಕರ್ ಬಿಂದಿಯ ಅಂಟಿನಿಂದ ಅದೇ ಜಾಗ ಬೆಳ್ಳಗಾಗುವುದೂ ಉಂಟು. ತಲೆಗೂದಲ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಹಣೆಯಂಚು, ಕಿವಿ, ಕುತ್ತಿಗೆಯನ್ನು ಕಪ್ಪಾಗಿಸಬಲ್ಲದು. "ಕಪ್ಪು ಮೆಹೆಂದಿ" ಎಂದು ಮಾರುವ ಪುಡಿಗಳಲ್ಲೂ ಅದು ಇರುತ್ತದೆ. ಇಂಥ ಅನುಮಾನವಿದ್ದರೆ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಯ ಮೇಲೆ ತೆಗೆದು ನೋಡುವ ಪ್ಯಾಚ್ ಪರೀಕ್ಷೆ ಮಾಡುತ್ತಾರೆ.

ಹುಬ್ಬಿನ ವಿಷಯವೂ ಹೀಗೇ. ಹೊರತುದಿಯ ಹುಬ್ಬು ತೆಳುವಾಗುವುದು ಥೈರಾಯ್ಡ್ ಕಡಿಮೆಯಾದವರಲ್ಲೂ ಉಂಟು. ಸ್ಪರ್ಶಜ್ಞಾನ ಇಲ್ಲದ ಮಚ್ಚೆ, ದಪ್ಪಗಾದ ಕಿವಿಯ ಹಾಳೆ ಇವುಗಳ ಜೊತೆ ಹುಬ್ಬು ಹೋಗಿದ್ದರೆ ಕುಷ್ಠರೋಗವಿದೆಯೇ ಎಂದು ನೋಡಬೇಕು. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ಬಿಗಿಯಾಗಿ ಎಳೆದು ಜಡೆ ಹೆಣೆಯುವವರಲ್ಲೂ ಹಣೆಯಂಚು ಹಿಂದೆ ಸರಿಯುತ್ತದೆ. ಆದರೆ ಸಾಮಾನ್ಯವಾಗಿ ಅಲ್ಲಿ ಅಂಚಿನುದ್ದಕ್ಕೂ ಸಣ್ಣ ಗಿಡ್ಡ ಕೂದಲು ಉಳಿದಿರುತ್ತದೆ, ಹುಬ್ಬಿಗೆ ಏನೂ ಆಗಿರುವುದಿಲ್ಲ. ಕಪ್ಪು, ಹಣೆ, ಹುಬ್ಬು ಮೂರನ್ನೂ ಒಟ್ಟಿಗೆ ನೋಡಿದಾಗಲೇ ಚಿತ್ರ ಸರಿಯಾಗಿ ಕೂಡುವುದು.

ಈ ಕಾಯಿಲೆ ಯಾಕೆ ಬರುತ್ತದೆ ಎಂದು ಅಕ್ಕೋರು ಡಾಕ್ಟರಮ್ಮನನ್ನು ಪಾಠ ಒಪ್ಪಿಸುವಂತೆ ಕೇಳಿದರು. ಖಚಿತ ಕಾರಣ ಒಂದೇ ಎಂದಿಲ್ಲ ಎಂಬ ಉತ್ತರ ಬಂತು. ದೇಹದ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಕೆಲವು ಜೀನುಗಳು ಕೂದಲಿನ ಕಾಯಿಲೆಗೆ ದಾರಿ ಮಾಡುತ್ತವೆ ಎಂದು 2019ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದ್ದಾರೆ. ಮುಟ್ಟು ನಿಂತ ಮೇಲೆ ಹೆಚ್ಚಾಗುವುದರಿಂದ ಹಾರ್ಮೋನುಗಳ ಮೇಲೂ ಕಣ್ಣಿದೆ. ಕಪ್ಪಿಗೆ ಬಿಸಿಲು ಕುಮ್ಮಕ್ಕು ಕೊಡುತ್ತದೆ. ಉತ್ತರ ಭಾರತದವರು ಮೈಗೆ ಹಚ್ಚುವ ಸಾಸಿವೆ ಎಣ್ಣೆಯ ಮೇಲೂ ಅನುಮಾನವಿದೆ. ಹಣೆಯಂಚು ಸರಿದವರಲ್ಲಿ ಸನ್‌ಸ್ಕ್ರೀನ್ ಬಳಸುವವರು ಹೆಚ್ಚು ಎಂದು ಕೆಲವು ಸಮೀಕ್ಷೆಗಳು ಹೇಳಿವೆ. ಆದರೆ ಸನ್‌ಸ್ಕ್ರೀನಿನಿಂದಲೇ ಕಾಯಿಲೆ ಬಂತು ಎಂಬುದು ಸಾಬೀತಾಗಿಲ್ಲ. ಅಕ್ಕೋರು ಕೊಡೆ ಮತ್ತು ಅಗಲ ಅಂಚಿನ ಟೋಪಿಯನ್ನು ನೆಚ್ಚಿಕೊಂಡರು. ಒಬ್ಬರಿಂದೊಬ್ಬರಿಗೆ ಅಂಟುವ ರೋಗವಂತೂ ಇದಲ್ಲ. ಬಾಚಣಿಗೆ, ಟವೆಲ್ ಬೇರೆ ಮಾಡುವ ಅಗತ್ಯ ಕಾಯಿಲೆಯ ದೆಸೆಯಿಂದ ಇಲ್ಲ.

ಚಿಕಿತ್ಸೆಯ ಬಗ್ಗೆ ಡಾಕ್ಟರಮ್ಮ ಮೊದಲೇ ನೇರವಾಗಿ ಹೇಳಿಬಿಟ್ಟರು: "ಹೋದ ಕೂದಲು ತಂದುಕೊಡ್ತೀನಿ ಅಂತ ಹೇಳೋದಿಲ್ಲ. ಇರೋದನ್ನ ಉಳಿಸೋಣ." ಅಂಚಿನಲ್ಲಿ ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಹಚ್ಚುಮದ್ದು ಅಥವಾ ಅಲ್ಲಲ್ಲೇ ಚುಚ್ಚುಮದ್ದು ಕೊಡುತ್ತಾರೆ. ಟ್ಯಾಕ್ರೋಲಿಮಸ್ ಮುಲಾಮು ಕೂದಲಂಚಿಗೂ ಮುಖದ ಕಪ್ಪಿಗೂ ಬಳಕೆಯಲ್ಲಿದೆ. ನುಂಗುವ ಮದ್ದುಗಳಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಒಂದು. ಮಲೇರಿಯಾಕ್ಕೆಂದು ಬಂದು ಈಗ ಲೂಪಸ್ಸಿಗೂ ಕೊಡುವ ಗುಳಿಗೆ ಇದು. ಕಣ್ಣಿನ ಒಳಪದರಕ್ಕೆ ತೊಂದರೆ ಕೊಡಬಲ್ಲದಾದ್ದರಿಂದ ಇದನ್ನು ನುಂಗುವವರು ಕಣ್ಣಿನ ಪರೀಕ್ಷೆ ತಪ್ಪಿಸುವಂತಿಲ್ಲ. ಮುಟ್ಟು ನಿಂತವರಿಗೆ ಡುಟಾಸ್ಟೆರೈಡ್, ಫಿನಾಸ್ಟೆರೈಡ್ ಗುಳಿಗೆಗಳನ್ನೂ ಕೊಡುತ್ತಾರೆ. ಇವು ಹೊಟ್ಟೆಯಲ್ಲಿರುವ ಗಂಡುಮಗುವಿಗೆ ಅಪಾಯ ಮಾಡುವುದರಿಂದ ಬಸುರಿಯರು ತೆಗೆದುಕೊಳ್ಳಬಾರದು. ಆದ್ದರಿಂದ ಒಬ್ಬರ ಚೀಟಿಯನ್ನು ಇನ್ನೊಬ್ಬರು ನಕಲು ಮಾಡುವಂತಿಲ್ಲ. ಎಲ್ಲಕ್ಕೂ ತಿಂಗಳುಗಟ್ಟಲೆ ತಾಳ್ಮೆ ಬೇಕು. ಅಂಚು ನಿಂತಿದೆಯೋ ಸರಿಯುತ್ತಿದೆಯೋ ಎಂದು ತಿಳಿಯಲು ಮೂಗಿನ ಮೇಲಿನಿಂದ, ಅಂದರೆ ಹುಬ್ಬುಗಳ ನಡುವಿನಿಂದ ಕೂದಲಂಚಿನವರೆಗೆ ಅಳತೆ ಬರೆದಿಡುತ್ತಾರೆ, ಫೋಟೋ ತೆಗೆದಿಡುತ್ತಾರೆ.

ಕೂದಲು ನಾಟಿ ಮಾಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಕಾಯಿಲೆ ಚುರುಕಾಗಿರುವಾಗ ನೆಟ್ಟ ಕೂದಲನ್ನೂ ಅದೇ ಟಿ-ಕೋಶಗಳು ತಿನ್ನುತ್ತವೆ. ಕಾಯಿಲೆ ವರ್ಷಗಟ್ಟಲೆ ಸುಮ್ಮನಿದ್ದುದು ಖಾತ್ರಿಯಾದ ಮೇಲೆ ಮಾತ್ರ ಆ ಮಾತು, ಆಗಲೂ ಉಳಿಯುತ್ತದೆಂಬ ಭರವಸೆ ಇಲ್ಲ.

ಇನ್ನು ನಮ್ಮ ಕಸುಬಿನ ಮಾತು. ಇಂಥ ಮುಖಕ್ಕೆ ಬ್ಲೀಚ್, ಕೆಮಿಕಲ್ ಪೀಲ್, ಸ್ಕ್ರಬ್ ಹಚ್ಚಬಾರದು. ಚರ್ಮ ಕೆರಳಿದರೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ. ಗಾಯವಾದ ಕಡೆ ಲೈಕೆನ್ ಪ್ಲಾನಸ್ ಹೊಸದಾಗಿ ಏಳುವ ಸ್ವಭಾವ ಇದೆ. ಹೀಗಾಗಿ ಕಾಯಿಲೆ ನಡೆಯುತ್ತಿರುವ ಹುಬ್ಬಿಗೆ ನಾನು ದಾರ ಹಚ್ಚುವುದಿಲ್ಲ. ಹುಬ್ಬಿಗೆ ಹಚ್ಚೆ ಹಾಕುವ ಮೈಕ್ರೋಬ್ಲೇಡಿಂಗನ್ನೂ ಚರ್ಮದ ಡಾಕ್ಟರು ಒಪ್ಪಿದ ಮೇಲೆ ಮಾತ್ರ ಮಾಡಿಸಿಕೊಳ್ಳಬೇಕು. ಪೆನ್ಸಿಲ್, ಪುಡಿ, ಮುಂದಲೆಗೆ ಕ್ಲಿಪ್ ಹಾಕುವ ಕೂದಲ ತುಂಡು, ಬೈತಲೆಯನ್ನು ಪಕ್ಕಕ್ಕೆ ಸರಿಸುವುದು ಇವಕ್ಕೆ ಅಡ್ಡಿಯಿಲ್ಲ. ಅಕ್ಕೋರು ಈಗ ಹುಬ್ಬು ತಿದ್ದಿಕೊಳ್ಳುವುದನ್ನು ಮನೆಯಲ್ಲೇ ಕಲಿತಿದ್ದಾರೆ. ಅಂಚು ಸರಿಯುವುದು ನಿಂತಿದೆ. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ.

ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಔಷಧಿ ಅಂಗಡಿಯ "ಮುಖ ಬೆಳ್ಳಗಾಗೋ ಟ್ಯೂಬ್" ಮೇಲೆ. ಅದರಲ್ಲಿ ಬಹುಪಾಲು ಇರುವುದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಬೆರಕೆ. ಡಾಕ್ಟರ ಕಣ್ಗಾವಲಿನಲ್ಲಿ ಭಂಗಿಗೆ ಕೆಲವು ವಾರ ಬಳಸಬೇಕಾದ ಮದ್ದನ್ನು ನಮ್ಮ ಹೆಣ್ಣುಮಕ್ಕಳು ದಿನದ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಬೇಡದ ಕಡೆ ಕೂದಲು ಬರುತ್ತದೆ. ಬಿಟ್ಟ ಕೂಡಲೇ ಮುಖ ಉರಿಯುತ್ತದೆ. ಮೇಲಾಗಿ, ಆಳದಲ್ಲಿರುವ ಬೂದುಗಪ್ಪಿಗೆ ಅದರಿಂದ ಹೆಚ್ಚಿನ ಉಪಯೋಗವೂ ಇಲ್ಲ. ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಬಿಗಿಯಾದದ್ದು ನಿಯಮ ಮಾತ್ರ, ಕೌಂಟರಿನಲ್ಲಿ ಟ್ಯೂಬ್ ಇನ್ನೂ ಸಲೀಸಾಗಿ ಸಿಗುತ್ತದೆ.

ಈ ಲೇಖನ ಓದಿದವರು ಇವತ್ತೇ ಕನ್ನಡಿಯ ಮುಂದೆ ನಿಂತು ಕೂದಲನ್ನು ಹಿಂದಕ್ಕೆ ಬಾಚಿ, ಹುಬ್ಬು ಎತ್ತಿ ನೋಡಿಕೊಳ್ಳಿ. ತಾಯಿಯದನ್ನೂ, ಅತ್ತೆಯದನ್ನೂ ನೋಡಿ. ಮುಖ ಅಥವಾ ಕುತ್ತಿಗೆಯಲ್ಲಿ ಬೂದುಗಪ್ಪು ಇದ್ದು, ಜೊತೆಗೆ ಹಣೆಯಂಚಿನ ಎಳೆಗೂದಲು ಮಾಯವಾಗಿದ್ದರೆ ಅಥವಾ ಹುಬ್ಬು ತೆಳುವಾಗಿದ್ದರೆ ಪಾರ್ಲರಿಗೆ ಬರುವ ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋದಾಗ ಮೂರನ್ನೂ ಒಂದೇ ಸಲ ಹೇಳಿ, ಹಳೆಯ ಫೋಟೋ ಇದ್ದರೆ ಜೊತೆಗೆ ಒಯ್ಯಿರಿ. ಕಸುಬಿನ ನನ್ನ ಗೆಳತಿಯರಲ್ಲೂ ಅದೇ ವಿನಂತಿ: ದಾರಕ್ಕೆ ಹುಬ್ಬು ಸಿಗದಿದ್ದ ದಿನ ದುಡ್ಡು ಬಿಟ್ಟು ಗಿರಾಕಿಯನ್ನು ಆಸ್ಪತ್ರೆಗೆ ಕಳಿಸಿ. ಕಪ್ಪಿಗೆ ಕಾಲಾವಕಾಶವಿದೆ, ಕೂದಲಿಗೆ ಇಲ್ಲ.